ರಾಗಿಕಲ್ಲಿನ ಮುಂದೆ

ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣದ ರೈತರ ಮನೆಯ ಸಿಂಚನ ವಿಶ್ವವಿದ್ಯಾಲಯದಲ್ಲಿ ಮ್ಯೂಸಿಯಂ ಶಾಸ್ತ್ರ ಓದುತ್ತಿದ್ದಳು. ವರ್ಷದ ಕೊನೆಗೆ ವಿದ್ಯಾರ್ಥಿಗಳೇ ಪ್ರದರ್ಶನವೊಂದನ್ನು ಏರ್ಪಡಿಸಬೇಕಿತ್ತು. ರಾಗಿಯ ಕುರಿತಾದ ಕೋಣೆ ಅವಳ ಪಾಲಿಗೆ ಬಂತು. ಅಜ್ಜಿ ಅಂಜಿನಮ್ಮನ ರಾಗಿಕಲ್ಲನ್ನು ಆಟೋದಲ್ಲಿ ತಂದಳು. ಬೆಳಕು ಎಲ್ಲಿಂದ ಬೀಳಬೇಕೆಂದು ಗೊತ್ತುಮಾಡಿದವಳೂ, ಗೋಡೆಯ ಬರಹ ಬರೆದವಳೂ ಅವಳೇ.

ಉದ್ಘಾಟನೆಯ ಬೆಳಿಗ್ಗೆ ಪ್ರದರ್ಶನದ ಉಸ್ತುವಾರಿ ಹೊತ್ತಿದ್ದ ಮೇಡಂ ಕೆಂಪಂಚಿನ ಸೀರೆಯೊಂದನ್ನು ಅವಳ ಕೈಗಿಟ್ಟರು. "ಇದನ್ನ ಉಟ್ಕೊಂಡು ಕಲ್ಲಿನ ಮುಂದೆ ಕೂತು ಬೀಸ್ತಾ ಇರು. ಹಳ್ಳಿಯವಳಲ್ವಾ, ನಿನಗೆ ಒಪ್ಪುತ್ತೆ. ಅತಿಥಿಗಳಿಗೆ ಆನಂದ್ ವಿವರಿಸ್ತಾನೆ."

ಸಹಪಾಠಿ ಆನಂದ್ ಮಲ್ಲೇಶ್ವರದವನು, ಅದುವರೆಗೆ ಆ ಕೋಣೆಗೆ ಕಾಲಿಟ್ಟವನೇ ಅಲ್ಲ. ಸಿಂಚನಳಿಗೆ ಮೈಯೆಲ್ಲ ಉರಿದುಹೋಯಿತು.

"ನಾನು ಯಾವತ್ತೂ ರಾಗಿ ಬೀಸಿದೋಳಲ್ಲ ಮೇಡಂ, ನಮ್ಮೂರಲ್ಲಿ ಮಿಲ್ ಇದೆ," ಎಂದಳು. "ಇಲ್ಲಿಗೆ ಬಂದಿರೋದು ವಸ್ತುಗಳನ್ನ ಜೋಡಿಸೋದು ಕಲಿಯೋಕೆ. ನನ್ನನ್ನೇ ವಸ್ತು ಮಾಡಿ ಕೂರಿಸ್ತೀನಿ ಅಂದ್ರೆ ಹೆಂಗೆ?"

ಮೇಡಂ ಮುಖ ಬಿಗಿದುಕೊಂಡು ಹೋದರು. ಸಿಂಚನ ಸೀರೆಯನ್ನು ಮಡಿಸಿಟ್ಟು, ಚೂಡಿದಾರದಲ್ಲೇ ಬಾಗಿಲಲ್ಲಿ ನಿಂತು, ಬಂದ ಅತಿಥಿಗಳಿಗೆಲ್ಲ ತಾನೇ ವಿವರಿಸಿದಳು. ಆನಂದ್ ಹಿಂದೆ ಸರಿದ.

ಸಂಜೆಯ ವಂದನಾರ್ಪಣೆಯಲ್ಲಿ ಶಾಮಿಯಾನದವನ ಹೆಸರೂ ಬಂತು, ಅವಳದು ಬರಲಿಲ್ಲ. ಊರಿನ ಬಸ್ಸು ಹತ್ತಿದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಆದರೂ ಮರುದಿನ ಎಲ್ಲರಿಗಿಂತ ಮುಂಚೆ ಬಂದು ಆ ಕೋಣೆಯ ಬೀಗ ತೆಗೆದವಳು ಅವಳೇ.