ಬಚ್ಚಲೊಲೆಯ ಆಚೆಬದಿ

ನರ್ಸಮ್ಮನ ಅಂಗೈ ನನ್ನ ಅಂಗೈಗಿಂತ ಅಗಲ. ಹೆಬ್ಬೆರಳು ಹೊರಗೆ ಬಾಗಿತ್ತು. ಉಗುರಿನ ಸುತ್ತ ಅರಿಶಿನದ ಬಣ್ಣ ಸದಾ ಉಳಿದಿರುತ್ತಿತ್ತು. ಆಸ್ಪತ್ರೆ ಕೆಲಸದಿಂದ ನಿವೃತ್ತರಾದ ಮೇಲೆ ಗೋಣಿಬೀಡಿನ ಸುತ್ತಮುತ್ತ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕಲು ಅವರನ್ನೇ ಕರೆಯುತ್ತಿದ್ದರು. ನಮ್ಮ ಮನೆಗೆ ಬಂದವರೇ ಹಂಡೆಯೊಳಗೆ ಮೊಣಕೈ ಅದ್ದಿ, "ಇದೇನು ಮಾರಾಯ, ಎಮ್ಮೆಗೆ ಕಲಗಚ್ಚು ಕಾಸಿದೀಯಾ? ಇನ್ನೆರಡು ಸೌದೆ ತಳ್ಳು" ಎಂದು ಕೂಗುತ್ತಿದ್ದರು.

ನನ್ನ ಹೆಂಡತಿಗೆ ತವರಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಹಾಗಾಗಿ ಚೊಚ್ಚಲ ಬಾಣಂತನವೂ ನಮ್ಮಲ್ಲೇ ಆಯಿತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಎಸ್ಟೇಟಿನಲ್ಲಿ ಗೊಬ್ಬರ ಹೊತ್ತು, ಸ್ವಂತ ಜೀಪು ಮಾಡಿಕೊಂಡವನು. ಅವಳಿಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ ಎಂಬ ಹೆಮ್ಮೆ ನನಗಿತ್ತು.

ನಮ್ಮ ಬಚ್ಚಲೊಲೆಯ ಬಾಯಿ ಮನೆಯ ಹೊರಗಿದೆ. ಬಾಣಂತಿ ಸ್ನಾನದ ಹೊತ್ತಿಗೆ ಗಂಡಸರು ಒಳಗೆ ಹೋಗುವಂತಿಲ್ಲ. ಒಂದು ದಿನ ಸೌದೆ ತಳ್ಳುತ್ತಾ ಕೂತಿದ್ದಾಗ ಗೋಡೆಯಾಚೆ ಅವಳು ಬಿಕ್ಕುವುದು ಕೇಳಿಸಿತು. ಚಿಕ್ಕಮ್ಮ ಊಟ ಕೊಡದೆ ಸೌದೆಕೊಟ್ಟಿಗೆಯಲ್ಲಿ ಕೂಡಿಹಾಕುತ್ತಿದ್ದದ್ದು, ಕಾದ ಸೌಟಿನಿಂದ ಬೆನ್ನಿಗೆ ಬರೆ ಎಳೆದದ್ದು, ಎಲ್ಲವನ್ನೂ ನರ್ಸಮ್ಮನಿಗೆ ಹೇಳುತ್ತಿದ್ದಳು. ಆ ಗುರುತು ಬಿಸಿಗಂಜಿ ಚೆಲ್ಲಿ ಆದದ್ದು ಎಂದು ನನಗೆ ಹೇಳಿದ್ದಳು. ನನಗೆ ಸಿಗದ ನಿಜ ಆ ಹೆಂಗಸಿಗೆ ಸಿಕ್ಕಿತ್ತು. ಹೊಟ್ಟೆ ಉರಿಯಿತು.

ನರ್ಸಮ್ಮ ಹೊರಬಂದಾಗ ಅಡ್ಡ ನಿಂತೆ. "ಏನು ಮದ್ದು ಹಾಕಿದೀರಿ ಅವ್ಳಿಗೆ? ಮದ್ವೆಯಾಗಿ ಮೂರು ವರ್ಷ, ನನ್ನ ಹತ್ರ ಒಂದು ಮಾತೂ ಇಲ್ಲ."

"ನಿಂಗೆ ಹೇಳಿದ್ರೆ ಏನ್ಮಾಡ್ತಿದ್ದೆ?"

"ಜೀಪ್ ತಗೊಂಡ್ಹೋಗಿ ಆ ಚಿಕ್ಕಮ್ಮನ್ನ ವಿಚಾರಿಸ್ಕೊಂಡು ಬರ್ತಿದ್ದೆ."

"ಅದ್ಕೇ ಹೇಳಿಲ್ಲ ಮಾರಾಯ!" ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಎಳೇ ವಯಸ್ಸಲ್ಲಿ ಪಟ್ಟ ಕಷ್ಟ ಮೈಯೊಳಗಿನ ಜೀವಕೋಶಕ್ಕೂ ತಟ್ಟಿರ್ಬೋದು, ಅದ್ರೊಳಗಿನ ಡಿಎನ್‌ಎಗೇ ಏಟು ಬಿದ್ದಿರ್ಬೋದು ಅಂತಾರೆ ಡಾಕ್ಟ್ರು. ಹೆತ್ತ ಮೈಗೆ ಅದೂ ಒಂದು ಭಾರ. ನೀನು ಸುಮ್ನೆ ಕೂತು ಕೇಳು, ಸಾಕು."

ಅವರ ಮಾತು ಸರಿ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಕೇಳಲು ಕೂತರೆ ಹೆಂಡತಿ "ಏನಿಲ್ಲ" ಅನ್ನುತ್ತಿದ್ದಳು. ಮರುದಿನ ಗೋಡೆಯಾಚೆ ಮತ್ತೆ ಅದೇ ಪಿಸುಮಾತು.

ಹೋದ ಮಳೆಗಾಲದಲ್ಲಿ ನರ್ಸಮ್ಮ ತೀರಿಕೊಂಡರು. ಎರಡನೇ ಸಲ ಬಸುರಿಯಾಗಿದ್ದ ಹೆಂಡತಿ ಹೆತ್ತ ತಾಯಿ ಹೋದಂತೆ ಅತ್ತಳು. ಹೆರಿಗೆಯಾದ ಮೇಲೆ ನೀರು ಹಾಕಲು ಬೇರೆ ಯಾರನ್ನು ಕರೆಸಲೂ ಒಪ್ಪಲಿಲ್ಲ. ಒಲೆಯ ಮುಂದೆ ಕೂತಿದ್ದ ನನಗೆ ಒಳಗಿನಿಂದ ಕೇಳಿಸಿತು: "ರೀ, ನೀವೇ ಬಂದು ಹಾಕಿ."

ಒಳಗೆ ಹೋಗಿ ಹಂಡೆಗೆ ಮೊಣಕೈ ಅದ್ದಿ ನೋಡಿದೆ. ಬರೆಯ ಗುರುತಿನ ಮೇಲೆ ಮೆಲ್ಲಗೆ ನೀರು ಹೊಯ್ದು ಬೆನ್ನು ತಿಕ್ಕಿದೆ.

"ನರ್ಸಮ್ಮನ ಕೈ ಇಷ್ಟು ಒರಟಿರ್ಲಿಲ್ಲ," ಅಂದಳು.

ಸತ್ತವರ ಮೇಲೂ ಹೊಟ್ಟೆಕಿಚ್ಚಾಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸುಮ್ಮನೆ ನೀರು ಹೊಯ್ಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳೇ ಶುರು ಮಾಡಿದಳು: "ಆ ಸೌದೆಕೊಟ್ಟಿಗೇಲಿ ಒಂದು ಬೆಕ್ಕಿತ್ತು. ಇದನ್ನ ನರ್ಸಮ್ಮನ ಹತ್ರಾನೂ ಹೇಳಿಲ್ಲ..."