ನನ್ನ ಪಾಲಿನ ಹಸಿವು

ಹುಲಿಗೆವ್ವ ಕೂಸಿಗೆ ಬಾಟಲಿ ಕೊಡುವ ಮೊದಲು ತಾನೇ ಬಾಯಿ ತೆರೆಯುತ್ತಿದ್ದಳು. ಸಣ್ಣಗೆ ಅಲ್ಲ, ಎಲೆ ಅಡಿಕೆಗೆ ಕೆಂಪಾದ ನಾಲಿಗೆ, ಮುಂದಿನ ಹಲ್ಲು ಬಿದ್ದ ಸಂದು, ಕಿರುನಾಲಿಗೆ ಎಲ್ಲ ಕಾಣುವಷ್ಟು. ‘ಆ...’ ನಿಪ್ಪಲ್ಲನ್ನು ನನ್ನ ಮಗಳ ಮೇಲ್ದುಟಿಗೆ ತಾಗಿಸಿ ಕಾಯುವಳು. ಕೂಸು ಆ ಬಾಯಿಯನ್ನೇ ನೋಡಿ, ನೋಡಿ, ತಾನೂ ಅಷ್ಟಗಲ ತೆರೆದ ಮೇಲೆಯೇ ಹಾಲು. ಅರೆ ತೆರೆದರೆ ಇಲ್ಲ.

ನನ್ನನ್ನು ಮೊದಲು ಚುಚ್ಚಿದ್ದು ಈ ನೋಟವೇ.

ನಾನು ಶ್ರೀರಾಮನಗರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಹೆರಿಗೆಗೆ ಕೊಟ್ಟ ಮೂರು ತಿಂಗಳ ರಜೆ ಮುಗಿದಾಗ, ಗಂಗಾವತಿಯ ನಮ್ಮ ಬಾಡಿಗೆ ಮನೆಗೆ ಹುಲಿಗೆವ್ವ ಕೂಸು ನೋಡಿಕೊಳ್ಳಲು ಬರತೊಡಗಿದಳು. ಕನಕಗಿರಿ ಕಡೆಯವಳು, ಐವತ್ತರ ಆಸುಪಾಸು. ಎಷ್ಟೋ ಮನೆಗಳ ಬಾಣಂತಿಯರಿಗೆ, ಕೂಸುಗಳಿಗೆ ನೀರೆರೆದು ಗಟ್ಟಿಯಾದ ಕೈ. ಬೆಳಿಗ್ಗೆ, ಸಂಜೆ, ರಾತ್ರಿ ನನ್ನ ಎದೆಹಾಲು. ಹಗಲು ನಾನು ಹಿಂಡಿಟ್ಟು ಹೋದದ್ದು, ಸಾಲದಿದ್ದರೆ ಡಬ್ಬಿಯ ಹಾಲು, ಬಾಟಲಿಯಲ್ಲಿ. ಇದು ನಮ್ಮ ಏರ್ಪಾಡು. ಕೂಸು ಎರಡನ್ನೂ ಒಪ್ಪಿಕೊಂಡಿತ್ತು. ಒಪ್ಪದವಳು ನಾನು.

ಅವಳು ಕೂಸನ್ನು ಹೆಚ್ಚುಕಡಿಮೆ ಕೂರಿಸಿಕೊಂಡು, ಬಾಟಲಿಯನ್ನು ಅಡ್ಡಕ್ಕೆ ಹಿಡಿದು, ನಾಲ್ಕು ಗುಟುಕಿಗೊಮ್ಮೆ ಕೆಳಗಿಳಿಸುವಳು. ‘ದಮ್ ತಗೊ ಯವ್ವಾ, ಯಾರೂ ಕಸಗೊಳ್ಳಂಗಿಲ್ಲ.’ ಅರ್ಧ ಲೋಟ ಹಾಲಿಗೆ ಅರ್ಧ ತಾಸು. ನನ್ನ ಮಗಳು ತನ್ನ ತೊಡೆಯ ಮೇಲೆ ಹೆಚ್ಚು ಹೊತ್ತು ಇರಲೆಂದು ಬೇಕಂತಲೇ ಎಳೆಯುತ್ತಾಳೆ ಎಂದು ನಾನು ತೀರ್ಮಾನಿಸಿದೆ. ಸಾಲದ್ದಕ್ಕೆ, ನಾನು ಬಸ್ಸಿಳಿದು ಬರುವ ಹೊತ್ತಿಗೆ ಕೂಸು ದಿನವೂ ಅಳುತ್ತಿತ್ತು.

‘ಹಾಲು ಕುಡಿಸಿಲ್ಲೇನು?’

‘ಇಲ್ರಿ ಅಕ್ಕೋರ. ಒಂದು ತಾಸಾತು, ಏನೂ ಕೊಟ್ಟಿಲ್ಲ. ನಿಮ್ಮ ಪಾಲಿನ ಹಸಿವಿ ಹಂಗ ಇಟ್ಟೀನಿ. ಮೊದಲ ಮಾರಿ ತೊಳಕೊಳ್ರಿ, ನೀರು ಕುಡೀರಿ. ಬಿಸಿಲಾಗಿಂದ ಬಂದು ಗಬಕ್ಕನ ಎದಿಗೆ ಹಚ್ಚಬ್ಯಾಡ್ರಿ.’

ನನ್ನ ಮಗಳ ಹಸಿವನ್ನು ನನಗೆ ಪಾಲು ಹಾಕಿ ಕೊಡಲು ಇವಳು ಯಾರು? ಮುಖ ತೊಳೆಯುತ್ತ ಹೀಗೆ ಅಂದುಕೊಂಡೆ. ಅಥವಾ ಈಗ ಬರೆಯುವಾಗ ಅಂದುಕೊಳ್ಳುತ್ತಿದ್ದೇನೆ. ಆಗ ಬರೀ ಹೊಟ್ಟೆ ಉರಿಯುತ್ತಿತ್ತು, ಅದಕ್ಕೆ ಮಾತಿರಲಿಲ್ಲ.

ಒಂದು ಶನಿವಾರ ಔಷಧಿ ಅಂಗಡಿಗೆ ಹೋಗಿ ಇನ್ನೊಂದು ಬಾಟಲಿ ಕೊಂಡೆ. ‘ಜೋರಾಗಿ ಬರೋ ನಿಪ್ಪಲ್ ಕೊಡ್ರಿ’ ಅಂದೆ. ಅಂಗಡಿಯವ ದೊಡ್ಡ ಕೂಸುಗಳದ್ದು ಕೊಟ್ಟ. ಭಾನುವಾರ, ಎದೆ ತುಂಬಿ ಸೆರಗು ಒದ್ದೆಯಾಗುತ್ತಿದ್ದರೂ, ಮಗಳನ್ನು ಅಂಗಾತ ಮಲಗಿಸಿಕೊಂಡು ಬಾಟಲಿ ಎತ್ತಿ ಹಿಡಿದೆ. ಐದೇ ನಿಮಿಷಕ್ಕೆ ಬಾಟಲಿ ಖಾಲಿ. ಗೆದ್ದೆ. ಆಮೇಲೆ ಸಂಜೆಗಳಲ್ಲೂ ಗೆಲ್ಲತೊಡಗಿದೆ. ಬಾಟಲಿ ಅಕ್ಕಿ ಡಬ್ಬಿಯ ಹಿಂದೆ ಇರುತ್ತಿತ್ತು.

ಎರಡು ವಾರ ತುಂಬುವ ಮೊದಲೇ ಮಗಳು ನನ್ನ ಎದೆಯನ್ನು ಒದೆಯತೊಡಗಿದಳು. ತೊಟ್ಟಿನ ತುದಿಯನ್ನಷ್ಟೇ ಹಿಡಿದು ಜಗಿಯುವಳು, ಬಿಡುವಳು, ಬೆನ್ನು ಬಿಲ್ಲು ಮಾಡಿ ಕಿರುಚುವಳು. ತೊಟ್ಟು ಒಡೆಯಿತು. ಹಾಲು ಕಡಿಮೆಯಾಗತೊಡಗಿತು. ಇನ್ನು ಇವಳು ನನ್ನ ಬಳಿ ಬರುವುದೇ ಇಲ್ಲ ಎಂದುಕೊಂಡೆ.

‘ನೀನ ಕೂಸನ್ನ ನಿನ್ನ ಕಡೆ ತಿರುಗಿಸ್ಕೊಂಡಿ!’ ಎಂದು ಹುಲಿಗೆವ್ವನ ಮೇಲೆ ಹರಿಹಾಯ್ದೆ.

ಅವಳು ಅನ್ನಕ್ಕಿಡಲು ಅಕ್ಕಿ ಡಬ್ಬಿ ಎಳೆದಳು. ನನಗೆ ನೆನಪಿರುವುದು ಹಾಗೆ. ಅವಳು ನಮ್ಮ ಮನೆಯಲ್ಲಿ ಅಡುಗೆಯನ್ನೇ ಮಾಡುತ್ತಿರಲಿಲ್ಲ ಅನ್ನುತ್ತಾರೆ ನನ್ನ ಗಂಡ. ಹೇಗೋ, ಬಾಟಲಿ ಅವಳ ಕೈಗೆ ಸಿಕ್ಕಿತು. ನೀರು ತುಂಬಿ ಮುಂಗೈ ಮೇಲೆ ಬಗ್ಗಿಸಿದಳು: ಧಾರೆ. ತಾನು ಕುಡಿಸುವ ಬಾಟಲಿ ಬಗ್ಗಿಸಿದಳು: ಹನಿ, ಹನಿ.

‘ಇದನ್ನ ಯಾರು ತಂದಾರ್ರಿ?’

‘ನಮ್ಮವರು’ ಎಂದೆ.

‘ಹೌದ್ರಿ?’ ಅವಳ ಮುಖದಲ್ಲಿ ನಗುವಿತ್ತೋ ಇಲ್ಲವೋ. ‘ಹಂಗಾರ ಸಾಹೇಬ್ರಿಗೆ ಹೇಳ್ರಿ, ನನ್ನ ಜೋಡಿ ಪಂದ್ಯ ಕಟ್ಟಬ್ಯಾಡ್ರಿ ಅಂತ. ಬಾಯಾಗ ಪುಕ್ಕಟ ಸುರಿಯೋದು ಸಿಕ್ಕರ ಕೂಸು ನಿಮ್ಮ ಎದಿ ಯಾಕ ಜಗ್ಗತೈತಿ? ಅದು ದುಡದು ಕುಡಿಯೋ ಹಾಲು. ಬಾಟ್ಲಿ ಹಾಲಿಗೂ ನಾ ಅದಕ್ಕ ದುಡಸ್ತಿದ್ದೆ. ಎರಡು ದಿನ ಸಾಲಿಗೆ ರಜಾ ಹಾಕ್ರಿ.’

ಹಾಕಿದೆ. ಅವಳು ಹೇಳಿಕೊಟ್ಟಳು: ಕೂಸು ಹಸಿದು ಅಳುವ ಮೊದಲೇ ಎತ್ತಿಕೊಳ್ಳಬೇಕು. ಹೊಟ್ಟೆಗೆ ಹೊಟ್ಟೆ ತಾಗಬೇಕು, ತೊಟ್ಟು ಅದರ ಮೂಗಿನ ನೇರಕ್ಕಿರಬೇಕು. ಬಾಯಿ ಪೂರ್ತಿ ತೆರೆದೊಡನೆ ಕೂಸನ್ನು ಎದೆಗೆ ತರಬೇಕು, ಎದೆಯನ್ನು ಕೂಸಿನತ್ತ ಬಗ್ಗಿಸಬಾರದು. ಗದ್ದ ಮೊದಲು ತಾಗಿ, ತೊಟ್ಟಿನ ಸುತ್ತಲಿನ ಕಪ್ಪೂ ಬಾಯೊಳಗೆ ಹೋಗಬೇಕು. ನಾನು ಆತುರಪಟ್ಟಾಗಲೆಲ್ಲ ಅವಳು ಕೈ ಹಿಡಿದಳು. ‘ತಡೀರಿ. ಇನ್ನೂ ತಡೀರಿ.’ ಕೊನೆಗೆ ನನ್ನ ಹೆಗಲ ಹಿಂದೆ ನಿಂತು ‘ಆ...’ ಎಂದಳು. ಮಗಳು ಆ ಮುಖ ನೋಡಿ ಬಾಯಿ ತೆರೆದಳು. ತಟ್ಟನೆ ಹತ್ತಿರ ತಂದುಕೊಂಡೆ. ಹಿಡಿದಳು. ನೋವಾಗಲಿಲ್ಲ. ಗುಟುಕಿನ ಸದ್ದು ಕೇಳಿತು.

ನಾನು ಅತ್ತೆ. ಸಂತೋಷಕ್ಕೆ ಎಂದು ಎಲ್ಲರಿಗೂ ಹೇಳಿದ್ದೇನೆ. ಮಗಳು ನನ್ನ ಎದೆಗೆ ಮರಳಿದ್ದು ಅವಳ ಮುಖ ನೋಡಿಕೊಂಡು ಎಂಬುದನ್ನು ಯಾರಿಗೂ ಹೇಳಿಲ್ಲ.

ಮರುದಿನ ಅವಳು ನನ್ನ ಹಿಂದೆ ನಿಲ್ಲಲಿಲ್ಲ. ಬಟ್ಟೆಯ ಬುಟ್ಟಿ ಎತ್ತಿಕೊಂಡು ಮಾಳಿಗೆಗೆ ಹೊರಟಳು. ‘ಇನ್ನ ನೀವ ಬಾಯಿ ತಗೀರಿ ಅಕ್ಕೋರ. ನಾಚಿಕಿ ಯಾಕ, ನಿಮ್ಮ ಕೂಸ ಐತಿ.’

ಮಗಳಿಗೆ ಹತ್ತು ತಿಂಗಳಾದಾಗ ಹುಲಿಗೆವ್ವ ತನ್ನ ಮಗಳ ಹೆರಿಗೆಗೆಂದು ಕನಕಗಿರಿಗೆ ಹೋದಳು, ಮತ್ತೆ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಸೀರೆ ಕುಪ್ಪಸ ಹಿಡಿದು ನಾನು, ಗಂಡ ಅಲ್ಲಿಗೆ ಹೋದೆವು. ಆಕೆಯ ಮಗಳು ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಹುಲಿಗೆವ್ವನ ತೊಡೆಯ ಮೇಲೆ ಮೊಮ್ಮಗ, ಕೈಯಲ್ಲಿ ಅಡ್ಡ ಹಿಡಿದ ಬಾಟಲಿ. ನನ್ನ ಮಗಳ ಕೈಗೊಂದು ಬಿಸ್ಕೀಟು ಕೊಟ್ಟು, ಮೊಮ್ಮಗನ ಕಡೆ ತಿರುಗಿ ‘ಆ...’ ಎಂದಳು.

ನನ್ನ ಕಂಕುಳಲ್ಲಿದ್ದ ಮಗಳು ಬಾಯಿ ತೆರೆದಳು. ಅಷ್ಟಗಲ.

ಅದು ಆಕಳಿಕೆ ಅನ್ನುತ್ತಾರೆ ಗಂಡ. ಇರಬಹುದು. ಆಮೇಲೆ ನಾನು ಹುಲಿಗೆವ್ವನನ್ನು ಕಂಡಿಲ್ಲ, ಕೇಳಿ ನೋಡಲು.

ಮರಳುವ ಬಸ್ಸಿನಲ್ಲಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಗಳ ಮುಖದೆದುರು ಬಾಯಿ ತೆರೆದೆ. ‘ಆ...’ ಅವಳು ತೆರೆಯಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಚೀಪಿ ಒದ್ದೆ ಮಾಡಿದ್ದ ಅರ್ಧ ಬಿಸ್ಕೀಟನ್ನು ನನ್ನ ಬಾಯಿಗಿಟ್ಟಳು. ಹುಲಿಗೆವ್ವ ಕೊಟ್ಟದ್ದು. ನುಂಗಿದೆ.