ಹನುಮಂತರಾಯಪ್ಪನವರ ಕಾರು, ಒಂದಿಂಚು ಕೆಳಗೆ ಕೊರೆದ ತೂತು

"ಇದು ಆಗಲ್ಲ ಅಂತ ಹೇಳ್ಬಿಡು ಕಣಮ್ಮ. ನಿನ್ ಮಾತಾದ್ರೆ ಕೇಳ್ತಾರೆ."

ಗೌರಮ್ಮ ನನ್ನ ಕೈ ಹಿಡಿದು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋಗಿ ಹೀಗಂದರು. ಆ ಕಡೆ ಅವರ ಯಜಮಾನರು ಹನುಮಂತರಾಯಪ್ಪ ತಮ್ಮ ಕಾರಿನ ಬಾನೆಟ್ ಎತ್ತಿ, ನಾನು ಬರುವುದನ್ನೇ ಕಾಯುತ್ತಾ ನಿಂತಿದ್ದರು.

ಸುಂಕದಕಟ್ಟೆಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಕಾರುಗಳ ಮುಂದಿನ ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ಕೆಲಸ ಮಾತ್ರ ಮಾಡುತ್ತೇನೆ. ಹೆಂಗಸು ಅಂತ ಮೊದಮೊದಲು ಅನುಮಾನದಿಂದ ನೋಡುತ್ತಿದ್ದವರೇ ಈಗ ನನ್ನ ಶೆಡ್ಡಿನ ಮುಂದೆ ಕ್ಯೂ ನಿಲ್ಲುತ್ತಾರೆ. ಕೊಚ್ಚಿಕೊಳ್ಳುತ್ತಿಲ್ಲ... ಇದ್ದದ್ದು ಹೇಳಿದೆ.

ಹನುಮಂತರಾಯಪ್ಪನವರದು ಐವತ್ತು ವರ್ಷ ದಾಟಿದ ಅಮೆರಿಕನ್ ಮಸಲ್ ಕಾರು. ಎರಡೇ ಬಾಗಿಲು, ಉದ್ದನೆಯ ಬಾನೆಟ್, ಎಂಟು ಸಿಲಿಂಡರ್, ಎಡಗಡೆ ಸ್ಟೀರಿಂಗ್. ಬಸವೇಶ್ವರನಗರ ಇನ್ನೂ ಹೊಲವಾಗಿದ್ದ ಕಾಲದಿಂದ ಅಲ್ಲೇ ಇರುವ ಮನೆತನ ಅವರದು. ಪ್ರಾಯದಲ್ಲಿ ಆಸೆಪಟ್ಟು ಕೊಂಡ ಕಾರನ್ನು ಮೂವತ್ತು ವರ್ಷ ಅವರೊಬ್ಬರೇ ಓಡಿಸಿದ್ದರು.

ಎರಡು ವರ್ಷದ ಹಿಂದೆ ಅವರಿಗೆ ಸ್ಟ್ರೋಕ್ ಆಯಿತು. ಚೇತರಿಸಿಕೊಂಡರು, ಆದರೆ ಎಡಗೈಗೆ ಮೊದಲಿನ ಬಲ ಬರಲಿಲ್ಲ.

ಡಾಕ್ಟರ್ ಒಪ್ಪಿದ ಮೇಲೆ ಮನೆಯ ಚಿಕ್ಕ ಕಾರನ್ನು ಆರಾಮಾಗಿ ಓಡಿಸುತ್ತಿದ್ದರು. ಈ ಕಾರಿನ ಸ್ಟೀರಿಂಗ್ ಮಾತ್ರ ಕಲ್ಲು. ಒಂದು ಸಲ ಹಟ ಮಾಡಿ ಹೊರಗೆ ತೆಗೆದು, ಮಾಗಡಿ ರಸ್ತೆಯ ತಿರುವಿನಲ್ಲಿ ಹಿಡಿತ ಸಿಗದೆ ಡಿವೈಡರ್‌ಗೆ ಉಜ್ಜಿದ್ದರು. ಪಕ್ಕದಲ್ಲಿ ಕೂತಿದ್ದವರು ಗೌರಮ್ಮ.

ಅವರ ಭಯ ನನಗೆ ಅರ್ಥವಾಯಿತು. ಆದರೂ...

"ಆಂಟಿ, ಸುಳ್ಳು ಹೇಳೋಕೆ ನನ್ ಕೈಲಿ ಆಗಲ್ಲ. ಆದ್ರೆ ಕೆಲ್ಸ ಮುಗುದ್ಮೇಲೆ ಮೊದ್ಲು ನಾನೇ ಓಡಿಸ್ತೀನಿ. ಸರಿ ಅನ್ಸಿಲ್ಲ ಅಂದ್ರೆ ಅವ್ರಿಗೆ ಕೀ ಕೊಡಲ್ಲ."

ಗೌರಮ್ಮ ನನ್ನ ಕೈ ಬಿಟ್ಟರು.

ಹನುಮಂತರಾಯಪ್ಪ ಕೇಳಿದ್ದು ಸ್ಟೀರಿಂಗ್ ಹಗುರ ಮಾಡಿಕೊಡು ಅಂತ. ಅದು ದೊಡ್ಡ ಮಾತಲ್ಲ, ಒಂದು ಎಲೆಕ್ಟ್ರಿಕ್ ಮೋಟರ್ ಕೂರಿಸಿದರೆ ಆಯಿತು. ಆದರೆ ತಿರುವಿನಲ್ಲಿ ಈ ಕಾರು ವಾಲುತ್ತದೆ, ಮುಂದಿನ ಚಕ್ರದ ತಲೆಯೂ ಜೊತೆಗೆ ಹೊರಕ್ಕೆ ಓರೆಯಾಗುತ್ತದೆ. ಅದನ್ನು ಹಾಗೇ ಬಿಟ್ಟು ಸ್ಟೀರಿಂಗ್ ಮಾತ್ರ ಹಗುರ ಮಾಡಿಕೊಟ್ಟರೆ ಅಪಾಯ ಇನ್ನೂ ಜಾಸ್ತಿ.

ಅದಕ್ಕೊಂದು ಹಳೆಯ ಉಪಾಯವಿದೆ. ಚಕ್ರವನ್ನು ಹಿಡಿದುಕೊಂಡಿರುವ ಮೇಲಿನ ಆರ್ಮ್ ಅನ್ನು ಒಂದಿಂಚು ಕೆಳಗಿಳಿಸಿ ಬಿಗಿಯುವುದು. ಆಗ ತಿರುವಿನಲ್ಲೂ ಚಕ್ರ ನೆಟ್ಟಗೆ ನಿಲ್ಲುತ್ತದೆ. ಆದರೆ ಬಾಡಿಯಲ್ಲೇ ಹೊಸ ತೂತು ಕೊರೆಯಬೇಕು.

"ಕೊರುದ್ಮೇಲೆ ಮೊದ್ಲಿನ ಹಂಗೆ ಮಾಡಕ್ಕಾಗುತ್ತಾ?" ಎಂದು ಹನುಮಂತರಾಯಪ್ಪ ಕೇಳಿದರು.

"ಇಲ್ಲ ಸಾರ್. ಆಮೇಲೆ ಇದು ಕಂಪನಿಯಿಂದ ಬಂದ ಕಾರಾಗಿ ಉಳಿಯಲ್ಲ."

ಅವರು ತಮ್ಮ ಎಡಗೈ ನೋಡಿಕೊಂಡರು.

"ಕಂಪನಿಯಿಂದ ಬಂದಂಗೆ ನಾನೇ ಉಳಿದಿಲ್ವಲ್ಲ. ಕೊರಿಯಮ್ಮ."

ಕೊರೆದೆ. ಎರಡೂ ಕಡೆ. ಆರ್ಮ್ ಇಳಿಸಿದೆ, ಸ್ಪ್ರಿಂಗ್ ಕೂರುವ ಜಾಗಕ್ಕೆ ಬೇರಿಂಗ್ ಹಾಕಿದೆ, ಮೋಟರ್ ಕೂರಿಸಿದೆ. ಭಾನುವಾರ ಬೆಳಿಗ್ಗೆ ಕೆಂಗೇರಿ ಕಡೆ ಓಡಿಸಿಕೊಂಡು ಹೋದೆ, ಪೂರ್ತಿ ಧೈರ್ಯದಿಂದ.

ಕಾರು ಎಡಕ್ಕೆ ಎಳೆಯುತ್ತಿತ್ತು.

ವಾಪಸ್ ಬಂದು ಅಳತೆಯ ಟೇಪ್ ಹಿಡಿದೆ. ಬಲಗಡೆ ಸ್ಪ್ರಿಂಗ್‌ನ ಭಾರ ಹೊರುವ ಗೂಡು, ಅಷ್ಟು ವರ್ಷದ ಹೊಡೆತಕ್ಕೆ ಒಳಕ್ಕೆ ವಾಲಿ, ಆ ಕಡೆಯ ಚಕ್ರವನ್ನೂ ಓರೆ ಮಾಡಿಬಿಟ್ಟಿತ್ತು. ಸ್ಟೀರಿಂಗ್ ಗಟ್ಟಿಯಿದ್ದಾಗ ಅದರ ಎಳೆತ ಕೈಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಕೊರೆಯುವ ಮುಂಚೆ ನಾನು ಅಳೆಯಬೇಕಿತ್ತು. ಅಳೆದಿರಲಿಲ್ಲ.

ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಗೌರಮ್ಮನ ಮಾತು ನೆನಪಾಯಿತು. "ಆಗಲ್ಲ" ಅಂದುಬಿಟ್ಟರೆ ನನ್ನ ತಪ್ಪು ಮುಚ್ಚಿಹೋಗುತ್ತದೆ, ಅವರಿಗೂ ಸಮಾಧಾನ...

ಇಬ್ಬರನ್ನೂ ಕರೆಸಿದೆ. ಗೂಡು ತೋರಿಸಿ, "ಅಳತೆ ತಗೊಳ್ದೆ ಕೊರ್ದಿದ್ದು ನನ್ ತಪ್ಪು" ಎಂದೆ.

ಹನುಮಂತರಾಯಪ್ಪನವರ ಮುಖ ಇಳಿಯಿತು. ಮಾತಾಡಿದ್ದು ಗೌರಮ್ಮ.

"ಸರಿ ಮಾಡಕ್ಕಾಗುತ್ತಾ?"

"ಆಗುತ್ತೆ ಆಂಟಿ."

"ಹಂಗಾದ್ರೆ ಮಾಡು. ತಪ್ಪಾಯ್ತು ಅಂತ ನೀನೇ ಕರ್ದು ಹೇಳ್ದೆ. ನಿನ್ನ ನಂಬ್ತೀನಿ."

ಮತ್ತೆ ಎಲ್ಲ ಬಿಚ್ಚಿದೆ. ವಾಲಿದ ಗೂಡನ್ನು ಜ್ಯಾಕ್ ಕೊಟ್ಟು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಹೊರಕ್ಕೆ ತಳ್ಳಿ, ಎರಡೂ ಗೂಡುಗಳು ಇನ್ನು ಅಲ್ಲಾಡದ ಹಾಗೆ ನಡುವೆ ಕಬ್ಬಿಣದ ಅಡ್ಡಪಟ್ಟಿ ಬಿಗಿದೆ. ಈ ಸಲ ಪ್ರತಿ ಹೆಜ್ಜೆಗೂ ಅಳತೆ. ಮೂರು ದಿನ ನಾನೇ ಓಡಿಸಿದೆ. ಖಾಲಿ ರಸ್ತೆಯಲ್ಲಿ ಸ್ಟೀರಿಂಗ್ ಸಡಿಲ ಬಿಟ್ಟು ಬ್ರೇಕ್ ಒತ್ತಿದರೂ ಗೆರೆ ಎಳೆದ ಹಾಗೆ ನಿಲ್ಲುತ್ತಿತ್ತು.

ಕೀ ಕೊಟ್ಟೆ.

ಅವರು ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ಗೌರಮ್ಮ, ಹಿಂದೆ ನಾನು. ಮಾಗಡಿ ರಸ್ತೆಯ ಅದೇ ತಿರುವು ಬರುತ್ತಿದೆ. ಗೌರಮ್ಮ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡಿದ್ದಾರೆ. ನನ್ನ ಕಣ್ಣು ಡಿವೈಡರ್ ಮೇಲೆ...

ಕಾರು ತಿರುಗಿತು. ಏನೂ ವಿಶೇಷವಿಲ್ಲದಂತೆ, ಸುಮ್ಮನೆ ತಿರುಗಿತು.

ಅಷ್ಟರಲ್ಲಿ ಬಲಗಡೆಯಿಂದ ಒಂದು ಆಟೋ ಅಡ್ಡ ನುಗ್ಗಿತು. ಹನುಮಂತರಾಯಪ್ಪ ಬ್ರೇಕ್ ಒತ್ತಿದರು. ಅಷ್ಟು ದೊಡ್ಡ ಕಾರು ಒಂಚೂರೂ ಅತ್ತಿತ್ತ ಹೋಗದೆ ನಿಂತಿತು.

ಗೌರಮ್ಮ ಈಗ ಯಜಮಾನರಿಗೆ ಬೈಯುತ್ತಾರೆ ಅಂದುಕೊಂಡೆ. ಅವರು ನೋಡಿದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಆಟೋದವನಿಗೆ ಕೂಗಿದರು: "ನೋಡ್ಕೊಂಡ್ ಓಡ್ಸಯ್ಯ! ನಮ್ಮನೆಯವ್ರು ಬ್ರೇಕ್ ಹಾಕಿದ್ದಕ್ಕೆ ಉಳ್ಕೊಂಡೆ ನೀನು!"

ಹನುಮಂತರಾಯಪ್ಪ ನಗುತ್ತಾ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಕಣ್ಣು ಒದ್ದೆಯಾಗಿತ್ತು. ಮನೆ ಕಡೆ ಹೋಗಲು ಇಂಡಿಕೇಟರ್ ಹಾಕಿದಾಗ ಗೌರಮ್ಮ ಅಂದರು, "ಇಷ್ಟು ಬೇಗ ಮನೇಗ್ಯಾಕೆ? ಇನ್ನೊಂಚೂರು ಹೋಗಣ."

ಪ್ರೀತಿಸುವವರ ಬಗ್ಗೆ ಭಯಪಟ್ಟು, ಅವರ ಆಸೆಗೇ ಅಡ್ಡ ನಿಲ್ಲಬೇಕು ಅಂತ ನಿಮಗೂ ಅನ್ನಿಸಿದ್ದಿದೆಯಾ?